ನಲವತ್ತು ಕುದುರೆಯ ಸವತಿ

ನನ್ನ ಗಂಡ ಅರ್ಹೆಮಿರೊ ಒಂದೇ ಕೋಣೆಯಲ್ಲಿ ಇಬ್ಬರನ್ನು ಇಟ್ಟುಕೊಂಡಿದ್ದ. ಒಬ್ಬಳು ನಾನು, ಉಬಾಲ್ದಿನಾ, ಚರ್ಚಿನಲ್ಲಿ ಉಂಗುರ ತೊಡಿಸಿ ತಂದವಳು. ಇನ್ನೊಬ್ಬಳು ನಲವತ್ತು ಕುದುರೆ ಶಕ್ತಿಯ ದೋಣಿ ಮೋಟಾರು, ಕಂತಿನಲ್ಲಿ ತಂದವಳು. ನನ್ನ ಮೇಲಿನ ಪ್ರೀತಿ ಮದುವೆಯ ಕೇಕು ಮುಗಿಯುವಷ್ಟರಲ್ಲಿ ಅರ್ಧ ಮುಗಿದಿತ್ತು. ಆಕೆಯ ಮೇಲಿನದು ಕಂತಿನಿಂದ ಕಂತಿಗೆ ಬೆಳೆಯಿತು, ಕಂತು ತೀರಿದ ಮೇಲೆ ಬಡ್ಡಿಯಂತೆ ಬೆಳೆಯಿತು.

ನಮ್ಮ ಪುಂತಾ ಸೇಕಾದ ದಂಡೆಯಲ್ಲಿ ಮೋಟಾರನ್ನು ದೋಣಿಗೇ ಬಿಟ್ಟು ಮಲಗುವ ಹುಚ್ಚರು ಇಲ್ಲ. ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಪನಾಮಾದಲ್ಲಿ ಇನ್ಯಾರದೋ ದೋಣಿ ಓಡಿಸುತ್ತಿರುತ್ತದೆ. ಸಂಜೆ ಎಲ್ಲರೂ ಬಿಚ್ಚಿ, ಕೈಗಾಡಿಯಲ್ಲಿ ಮಲಗಿಸಿಕೊಂಡು ಮನೆಗೆ ತರುತ್ತಾರೆ. ತಂದವರು ಅಡುಗೆಮನೆಯಲ್ಲಿ ಇಡುತ್ತಾರೆ, ಬಾಗಿಲ ಹಿಂದೆ ಇಡುತ್ತಾರೆ. ಅರ್ಹೆಮಿರೊ ಮಾತ್ರ ಮೋಟಾರು ತಗುಲಿಹಾಕುವ ಮರದ ಒಂದು ಕುದುರೆ ಮಾಡಿಸಿ, ಹಾಸಿಗೆಯ ಪಕ್ಕದಲ್ಲಿ, ತನ್ನ ಕಡೆಗೆ, ಆಕೆಯನ್ನು ನಿಲ್ಲಿಸುತ್ತಿದ್ದ. ಮೊದಲು ಹಿತ್ತಲಲ್ಲಿ ಡ್ರಮ್ಮಿನ ತುಂಬ ಸಿಹಿನೀರು ಸುರಿದು, ಅದರಲ್ಲಿ ಆಕೆಯ ಕಾಲು ಮುಳುಗಿಸಿ, ಹೊಟ್ಟೆಯೊಳಗಿನ ಉಪ್ಪೆಲ್ಲ ಹೋಗುವವರೆಗೆ ಓಡಿಸುತ್ತಿದ್ದ. ನೀರಿನ ಗಾಡಿ ಬಾರದ ವಾರದಲ್ಲಿ ನಾನು ಒಂದು ಚೊಂಬಿನಲ್ಲಿ ಸ್ನಾನ ಮುಗಿಸಬೇಕಿತ್ತು, ಆಕೆಗೆ ಒಂದು ಡ್ರಮ್ಮು. ಆಮೇಲೆ ಒರೆಸಿ, ನನ್ನ ಮದುವೆಗೆ ಚಿಕ್ಕಮ್ಮ ಹೆಣೆದುಕೊಟ್ಟ ಮೇಜಿನ ಹೊದಿಕೆಯನ್ನು ಹೊದಿಸುತ್ತಿದ್ದ. ನನಗೆ ಚಳಿಯಾದರೆ, ಆ ಕಡೆ ತಿರುಗಿಕೋ ಅನ್ನುತ್ತಿದ್ದ.

ಪೆಟ್ರೋಲಿನ ವಾಸನೆಯಲ್ಲಿ ನಾನು ಎಷ್ಟು ವರ್ಷ ಮಲಗಿದೆನೆಂದರೆ, ಯಾರಾದರೂ ನನ್ನ ಹತ್ತಿರ ಬೆಂಕಿಕಡ್ಡಿ ಗೀರಿದ್ದರೆ ಇಡೀ ಊರು ಹಾರಿಹೋಗುತ್ತಿತ್ತು.

ಆಕೆಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಟ್ಟವಳೂ ಅಲ್ಲ. ಒಂದಲ್ಲ ಒಂದು ದಿನ ನಿನ್ನ ಈ ರಾಣಿಯನ್ನು ಆಳ ಸಮುದ್ರಕ್ಕೆ ಕರೆದೊಯ್ದು ಮುಳುಗಿಸಿ, ಈಜಿಕೊಂಡು ವಾಪಸು ಬರುತ್ತೇನೆ ಎಂದು ದಿನಕ್ಕೊಮ್ಮೆ ಹೇಳುತ್ತಿದ್ದೆ. ನನಗೆ ಈಜು ಬರುವುದಿಲ್ಲ, ಅದು ಬೇರೆ ಮಾತು.

ಇನ್ನು ಕೊಂಬಿನ ಚೂರಿನ ವಿಷಯ ಹೇಳಬೇಕು. ಮೋಟಾರಿನ ಮುಂಭಾಗದಲ್ಲಿ ಅದನ್ನು ಆರಿಸುವ ಒಂದು ಗುಂಡಿ ಇರುತ್ತದೆ. ಅದರ ಹಿಂದೆ ಒಂದು ಚೂರು ಸಿಕ್ಕಿಸದಿದ್ದರೆ, ಹಗ್ಗ ಎಳೆದು ಎಳೆದು ನಿಮ್ಮ ತೋಳು ಇನ್ನೊಂದು ಮೊಳ ಉದ್ದವಾದರೂ ಕಿಡಿ ಹೊತ್ತುವುದಿಲ್ಲ. ಕಂಪನಿ ಕೊಟ್ಟ ಕೆಂಪು ಪ್ಲಾಸ್ಟಿಕ್ಕಿನದು ಒಂದೇ ಮಳೆಗಾಲಕ್ಕೆ ಮುರಿದುಹೋಗುತ್ತದೆ. ಆಗ ನಮ್ಮ ಗಂಡಸರು ಹಸುವಿನ ಕೊಂಬಿನಿಂದಲೋ ತೆಂಗಿನ ಚಿಪ್ಪಿನಿಂದಲೋ ತಮ್ಮದೇ ಕೆತ್ತಿಕೊಂಡು, ಬೇರೆಯವರದು ಹಿಡಿಯದ ಹಾಗೆ ಗುಂಡಿಯ ಸಂದನ್ನು ಉಜ್ಜಿ ಬದಲಾಯಿಸುತ್ತಾರೆ. ಮೋಟಾರು ಯಾವ ಮನೆಯಲ್ಲಿ ಮಲಗುತ್ತದೋ ಅದರ ಚೂರು ಆ ಮನೆಯಲ್ಲಿ ಮಲಗಬಾರದು. ಕಳ್ಳನಿಗೆ ಒಂದು ಸಿಕ್ಕರೆ ಇನ್ನೊಂದು ಸಿಗಬಾರದಲ್ಲ. ಚೂರನ್ನು ಇನ್ನೊಬ್ಬರ ಮನೆಯಲ್ಲಿ ಇಡುತ್ತಾರೆ. ಯಾರ ಮನೆ ಎಂದು ಹೆಂಡತಿಗೂ ಹೇಳುವುದಿಲ್ಲ, ಹೆಂಡತಿ ಕೇಳಲೂ ಬಾರದು. ಗಂಡ ಸತ್ತರೆ, ಒಂಬತ್ತು ದಿನದ ಪ್ರಾರ್ಥನೆ ಮುಗಿಯುವ ಸಂಜೆ, ಇಟ್ಟುಕೊಂಡವರು ತಾವೇ ತಂದು ವಿಧವೆಯ ಕೈಯಲ್ಲಿ ಇಡುತ್ತಾರೆ. ಆಗ ಊರಿಗೆಲ್ಲ ಗೊತ್ತಾಗುತ್ತದೆ, ಆ ಮನುಷ್ಯ ಈ ಲೋಕದಲ್ಲಿ ನಂಬಿದ್ದು ಯಾರನ್ನು ಎಂದು.

ಅರ್ಹೆಮಿರೊ ಸತ್ತಾಗ ಒಂಬತ್ತನೆಯ ಸಂಜೆ ನಾನು ಕಪ್ಪು ಬಟ್ಟೆ ಉಟ್ಟು, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಅತ್ತು ಅತ್ತು ಹಿತ್ತಲ ಡ್ರಮ್ಮು ತುಂಬುವಷ್ಟು ಕಣ್ಣೀರು ಹಾಕಿದ್ದೆ. ಜನ ಬಂದರು, ಕಾಫಿ ಕುಡಿದರು, ಬಿಸ್ಕತ್ತು ತಿಂದರು, ಹೋದರು. ಚೂರನ್ನು ಯಾರೂ ತರಲಿಲ್ಲ. ಆಮೇಲೆ ನಾನೇ ಒಂದು ತೀರ್ಮಾನಕ್ಕೆ ಬಂದೆ: ಅದು ಅವನ ಪ್ಯಾಂಟಿನ ಜೇಬಿನಲ್ಲೇ ಮಣ್ಣಿಗೆ ಹೋಗಿದೆ. ಒಳ್ಳೆಯದಾಯಿತು ಅಂದುಕೊಂಡೆ. ಇನ್ನು ಈ ರಾಣಿ ಯಾರಿಗೂ ಏಳುವುದಿಲ್ಲ. ನನ್ನ ಜೊತೆ ಇವಳೂ ವಿಧವೆಯಾಗಿ ಕೂತಿರಲಿ.

ಕೂತಿದ್ದಳು. ನಾನು ಹೊದಿಕೆ ತೆಗೆಯಲಿಲ್ಲ.

ಅಷ್ಟರಲ್ಲಿ ದಂಡೆಗೆ ಬೇರೆ ಕಾಲ ಬಂತು. ಮೀನಿಗೆ ಹೋಗುತ್ತಿದ್ದವರೆಲ್ಲ ಮೆದೆಯಿನ್ ನಗರದ ಕಡೆಯ ಪ್ರವಾಸಿಗಳನ್ನು ದ್ವೀಪಕ್ಕೆ, ಕಾಂಡ್ಲ ಕಾಡಿಗೆ ಸುತ್ತಿಸಲು ಶುರುಮಾಡಿದರು. ಮರದ ದೋಣಿ ಕಂಡರೆ ಆ ಜನ ಮೂಗು ಮುರಿಯುತ್ತಾರೆ. ಮೆತ್ತೆ ಬೇಕು, ಮೇಲೊಂದು ನೀಲಿ ಚಪ್ಪರ ಬೇಕು, ಹಾಡು ಬೇಕು, ಹೊಗೆ ಬಾರದ ಮೋಟಾರು ಬೇಕು. ಸಿನ್ಸೆಲೆಹೊ ಪೇಟೆಯಲ್ಲಿ ದೋಣಿ ಮೋಟಾರಿನ ಅಂಗಡಿ ಇಟ್ಟಿರುವ ಯೇಪೆಸ್ ಎಂಬವನು ವಾರಕ್ಕೊಮ್ಮೆ ಲಾರಿ ತಂದು, ಬೆಕ್ಕಿನ ಹಾಗೆ ಗುರುಗುಟ್ಟುವ ಹೊಸ ಮೋಟಾರುಗಳನ್ನು ಇಳಿಸಿ, ಹಳೆಯವನ್ನು ಹೇರಿಕೊಂಡು ಹೋಗತೊಡಗಿದ. ಹಳೆಯವನ್ನು ನದಿಯ ಮೇಲಿನ ಊರುಗಳಿಗೆ ಮಾರುತ್ತಾನಂತೆ, ಅಲ್ಲಿನವರಿಗೆ ಹೊಗೆಯ ಚಿಂತೆ ಇಲ್ಲ. ಪೇಟೆಯ ಶ್ರೀಮಂತರೋ, ಮೋಜಿಗೆಂದು ದೋಣಿ ಕೊಂಡು, ಎರಡು ಸಲ ಅದರಲ್ಲಿ ವಾಂತಿ ಮಾಡಿಕೊಂಡು, ಮೂರನೆಯ ಸಲಕ್ಕೆ ಮಾರಾಟಕ್ಕಿದೆ ಎಂಬ ಹಲಗೆ ತಗುಲಿಸುತ್ತಾರೆ. ಒಂದು ಕಾಲದಲ್ಲಿ ನಮ್ಮ ದಂಡೆಯಲ್ಲಿ ಮೀನಿಗಿಂತ ಹೆಚ್ಚು ಅಂಥ ಹಲಗೆಗಳಿದ್ದವು.

ಅಂಥದೊಂದನ್ನು ಕೊಂಡವಳು ಕುಸ್ತೋದಿಯಾ.

ಕುಸ್ತೋದಿಯಾ ನನ್ನ ಮಗಳಿಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು. ಹಾಗೆ ನಿಂತವಳೂ ಮಗುವಿನ ತಾಯಿಯೂ ಪರಸ್ಪರ ಕೊಮಾದ್ರೆ ಆಗುತ್ತಾರೆ, ಸತ್ತರೂ ಆ ನಂಟು ಬಿಡುವಂತಿಲ್ಲ. ನನ್ನ ವಯಸ್ಸಿನವಳೇ, ನೋಡಲು ಹತ್ತು ವರ್ಷ ದೊಡ್ಡವಳು ಅನ್ನುತ್ತೇನೆ ನಾನು. ನಾನು ಹತ್ತು ವರ್ಷ ದೊಡ್ಡವಳು ಅನ್ನುತ್ತಾಳೆ ಅವಳು. ದಂಡೆಯಲ್ಲಿ ಮೀನು ಕರಿದು ಮಾರುತ್ತಾಳೆ. ಮದುವೆಯಾಗಲಿಲ್ಲ. ತೆಂಗಿನ ಹಾಲಿನ ಅನ್ನ ಮಾಡುವ ನನ್ನ ದಪ್ಪ ತಳದ ಪಾತ್ರೆಯನ್ನು ಒಮ್ಮೆ ಒಯ್ದವಳು ತಳ ಸುಟ್ಟು ತಂದಳು, ಮೊದಲೇ ಸುಟ್ಟಿತ್ತು ಎಂದು ವಾದಿಸಿದಳು. ಅಂದಿನಿಂದ ನಾನು ಅವಳ ಹೊಸಿಲು ತುಳಿದಿಲ್ಲ, ಅವಳು ನನ್ನ ಹೊಸಿಲು ತುಳಿದಿಲ್ಲ. ಬೇಲಿಯ ಮೇಲಿಂದ ಮಾತಾಡುತ್ತೇವೆ. ಬೇಕಾದಷ್ಟು ಮಾತಾಡುತ್ತೇವೆ.

ಆ ಬೆಳಿಗ್ಗೆ ನಾನು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದೆ. ಅವಳು ಬೇಲಿಗೆ ಮೊಣಕೈ ಊರಿ, ಮೆದೆಯಿನ್ನಿನ ಒಬ್ಬ ದಂತವೈದ್ಯರ ದೋಣಿ ಕೊಂಡೆ ಅಂದಳು. ಬಿಳಿ ಫೈಬರಿನದು, ನೀಲಿ ಚಪ್ಪರ, ಮೆತ್ತೆಗೆ ಇನ್ನೂ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ವೈದ್ಯರು ಮೋಟಾರನ್ನು ಮಾತ್ರ ಬೇರೆಯವರಿಗೆ ಮಾರಿಬಿಟ್ಟಿದ್ದಾರೆ. ಇದ್ದಬದ್ದದ್ದೆಲ್ಲ ದೋಣಿಗೇ ಸುರಿದಾಗಿದೆ, ಈಸ್ಟರ್ ವಾರ ಹತ್ತಿರ ಬಂತು, ಊರಿಗೆ ಊರೇ ಪ್ರವಾಸಿಗಳಿಂದ ತುಂಬುವ ವಾರ. ಆ ವಾರ ದೋಣಿ ಓಡದಿದ್ದರೆ ವರ್ಷವಿಡೀ ಅದರಲ್ಲಿ ಕೋಳಿ ಸಾಕಬೇಕು.

ಕೋಳಿಗೆ ನೀಲಿ ಚಪ್ಪರ ಚೆನ್ನಾಗಿರುತ್ತದೆ ಅಂದೆ.

ಅವಳು ನಗಲಿಲ್ಲ. ನಮ್ಮಲ್ಲಿ ಗಳಿಕೆ ಹಂಚುವಾಗ ದೋಣಿಗೊಂದು ಪಾಲು, ಮೋಟಾರಿಗೊಂದು ಪಾಲು, ದುಡಿದವರಿಗೊಂದು ಪಾಲು. ಮೋಟಾರಿನ ಪಾಲು ನಿನಗೇ, ಅರ್ಹೆಮಿರೊನ ಮೋಟಾರು ಕೊಡು ಎಂದು ಕೇಳಿದಳು. ಚೂರಿಲ್ಲದ ಮೋಟಾರನ್ನು ತಗೊಂಡು ಲಂಗರು ಮಾಡಿಕೊಳ್ಳುತ್ತೀಯಾ ಅಂದೆ.

ಆಗ ಅವಳು ರವಿಕೆಯೊಳಗೆ ಕೈ ಹಾಕಿ, ಮೀನಿನ ದಾರಕ್ಕೆ ಕಟ್ಟಿದ್ದ ಹಳದಿ ಕೊಂಬಿನ ಚೂರೊಂದನ್ನು ಹೊರಗೆಳೆದಳು. ಅರ್ಹೆಮಿರೊ ಹಲ್ಲಿನಿಂದ ಕಚ್ಚಿ ಕಚ್ಚಿ ಒಂದು ಮೂಲೆ ಸವೆಸಿದ್ದ ಚೂರು. ಲಕ್ಷ ಚೂರುಗಳ ನಡುವೆ ಎಸೆದರೂ ನಾನು ಅದನ್ನು ಗುರುತಿಸುತ್ತಿದ್ದೆ.

ಗೆಣಸು ಕೈಯಿಂದ ಬಿದ್ದು ಮಣ್ಣಾಯಿತು.

"ಎಲ್ಲಿತ್ತೇ ಇದು?"

"ನಮ್ಮನೇಲಿ. ಅಕ್ಕಿ ಡಬ್ಬೀಲಿ."

"ಇಷ್ಟು ವರ್ಷಾನೂ?"

"ಅವ್ನು ಮೋಟಾರು ತಂದ ಎರಡ್ನೇ ವರ್ಷದಿಂದ."

"ಒಂಬತ್ತನೇ ದಿನ ಬೇಲಿ ಹತ್ರಾನೇ ನಿಂತು ಕಾಫಿ ಕುಡಿದ್ಯಲ್ಲ, ಮೂರು ಲೋಟ. ಆಗ ಕೈ ಬಾಯಿಗೆ ಮಾತ್ರ ಬರ್ತಿತ್ತಾ?"

"ಕೊಡೋ ಹಾಗಿರ್ಲಿಲ್ಲ ಕೊಮಾದ್ರೆ. ಮಾತು ಕೊಟ್ಟಿದ್ದೆ."

ಯಾರಿಗೆ, ಏನು ಮಾತು ಎಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಒಳಗೆ ಹೋಗಿ ಬಾಗಿಲು ಹಾಕಿದೆ. ಕೋಣೆಯಲ್ಲಿ ಆಕೆ ಹೊದಿಕೆ ಹೊದ್ದು, ಏನೂ ಗೊತ್ತಿಲ್ಲದವಳ ಹಾಗೆ ನಿಂತಿದ್ದಳು. ನಿನಗೆ ಎಲ್ಲ ಗೊತ್ತಿತ್ತು ಅಲ್ಲವೇ, ದಿನಾ ಬೆಳಿಗ್ಗೆ ಮೊದಲು ಆ ಮನೆ, ಆಮೇಲೆ ನೀನು, ಆಮೇಲೆ ಸಮುದ್ರ. ನಾನು ಈ ಸಾಲಿನಲ್ಲಿ ಎಲ್ಲಿದ್ದೆ ಎಂದು ಕೇಳಿದೆ. ಒಬ್ಬ ಸವತಿಯನ್ನು ಇಷ್ಟು ವರ್ಷ ಸಹಿಸಿದವಳಿಗೆ ಇನ್ನೊಬ್ಬಳು ಬೇಲಿಯಾಚೆ ಮೀನು ಕರಿಯುತ್ತಿದ್ದಳು ಎಂದು ತಿಳಿದರೆ ಹೇಗಿರುತ್ತದೆ? ನನ್ನ ಹೊಟ್ಟೆಯ ಉರಿಗೆ ಆ ದಿನ ಗೆಣಸು ಒಲೆ ಇಲ್ಲದೆ ಬೇಯುತ್ತಿತ್ತು.

ಊರಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಕುಸ್ತೋದಿಯಾ ಚೂರು ಹೊರತೆಗೆದದ್ದನ್ನು ಬೀದಿಯಲ್ಲಿ ಹೋಗುತ್ತಿದ್ದವರು ನೋಡಿದ್ದರು. ಸಂಜೆಗೆ ನಾನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಹೊರಟರೆ ಶುರುವಾಗುತ್ತಿತ್ತು. ಅರ್ಹೆಮಿರೊ ದಿನಾ ಬೆಳಿಗ್ಗೆ ಅವಳ ಕರಿದ ಮೀನಿನ ಅಂಗಡಿಯ ಮುಂದೆ ನಿಲ್ಲುತ್ತಿದ್ದದ್ದು ನನಗೂ ನೆನಪಿತ್ತು. ಮೀನು ಹಿಡಿಯುವವನು ಮೀನು ಕೊಂಡು ತಿನ್ನುತ್ತಾನಲ್ಲ ಎಂದು ಆಗ ನಾನೇ ನಕ್ಕಿದ್ದೆ. ಮನೆಯಲ್ಲಿ ಬಾಯಿಗೆ ಹೊಲಿಗೆ ಹಾಕಿಕೊಂಡಂತಿದ್ದವನು ಅಲ್ಲಿ ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ದೂರದಿಂದ ನೋಡಿದರೆ ಬೇರೆ ಯಾರೋ ಅನ್ನಿಸುತ್ತಿತ್ತು.

ಮೋಟಾರನ್ನು ಯೇಪೆಸ್‌ಗೆ ಮಾರುವುದು ಎಂದು ನಿಶ್ಚಯ ಮಾಡಿದೆ. ನದಿಯ ಮೇಲೆ, ಯಾವ ಕುಸ್ತೋದಿಯಾಳ ಕೈಗೂ ಸಿಗದಷ್ಟು ಮೇಲೆ ಹೋಗಲಿ. ಕುಸ್ತೋದಿಯಾ ನೀಲಿ ಚಪ್ಪರದ ಕೆಳಗೆ ಮೊಟ್ಟೆಗಳನ್ನು ಎಣಿಸುತ್ತ ಕೂರಲಿ.

ಶನಿವಾರ ಯೇಪೆಸ್ ಬಂದ. ಬೊಜ್ಜಿನ ಮನುಷ್ಯ, ಮಾತು ಸಕ್ಕರೆ. ಹೊದಿಕೆ ತೆಗೆದು ಆಕೆಯನ್ನು ನೋಡಿದವನು ಶಿಳ್ಳೆ ಹಾಕಿದ. ಇಂಥದ್ದನ್ನು ಈಗ ಮಾಡುವುದೇ ಇಲ್ಲ ಅಜ್ಜಿ, ಒಂದು ಗೀರೂ ಇಲ್ಲ, ಯಾರು ಸಾಕಿದ್ದು ಅಂದ. ನನ್ನ ಪಾಲಿನ ನೀರು ಕುಡಿದು ಬೆಳೆದದ್ದು ಅಂದೆ. ಆದರೆ ಓಡುವುದನ್ನು ಕೇಳದೆ ಒಳ್ಳೆಯ ಬೆಲೆ ಕೊಡಲಾರೆ, ಓಡದಿದ್ದರೆ ಗುಜರಿಯ ತೂಕದ ಬೆಲೆ ಎಂದ. ತನ್ನ ಕೆಂಪು ಪ್ಲಾಸ್ಟಿಕ್ಕಿನ ಚೂರುಗಳ ಗೊಂಚಲನ್ನೇ ತೆಗೆದು ಒಂದೊಂದಾಗಿ ಹಾಕಿ ನೋಡಿದ. ಯಾವುದೂ ಹಿಡಿಯಲಿಲ್ಲ. ಸತ್ತವನು ಆ ಸಂದನ್ನು ಹಾಗೆ ಉಜ್ಜಿದ್ದ.

ಗುಜರಿಯ ಬೆಲೆಗೇ ಕೊಟ್ಟುಬಿಡಬಹುದಿತ್ತು. ಆದರೆ ಆಕೆಯನ್ನು ಕಬ್ಬಿಣದ ತೂಕಕ್ಕೆ ಹಾಕುತ್ತಾರೆ ಎಂದರೆ, ಆಕೆಗೆ ನೀರು ಕೊಟ್ಟು ನಾನು ಬಿಟ್ಟ ಸ್ನಾನಗಳಿಗೆಲ್ಲ ಏನು ಬೆಲೆ ಬಂದ ಹಾಗಾಯಿತು? ಬೇಲಿಯ ಹತ್ತಿರ ಹೋಗಿ ಕುಸ್ತೋದಿಯಾಳನ್ನು ಕೂಗಿದೆ. ಚೂರು ತಗೊಂಡು ಬಾ, ಒಂದು ಸಲ ಓಡಿಸಿ ಹೋಗು ಅಂದೆ. ಯಾಕೆ ಎಂದು ಅವಳಿಗೆ ಲಾರಿ ನೋಡಿಯೇ ತಿಳಿದಿರಬೇಕು. ಸುಮ್ಮನೆ ಬಂದಳು. ಸುಟ್ಟ ಪಾತ್ರೆಯ ನಂತರ ಮೊದಲ ಸಲ ನನ್ನ ಹಿತ್ತಲೊಳಗೆ ಕಾಲಿಟ್ಟಳು, ಕೈಯೆಲ್ಲ ಮೈದಾ ಹಿಟ್ಟು.

ಡ್ರಮ್ಮಿನಲ್ಲಿ ನೀರು ತುಂಬಿ ಮೋಟಾರನ್ನು ನಿಲ್ಲಿಸಿದೆವು. ಚೂರನ್ನು ನನ್ನ ಕೈಗೆ ಕೊಟ್ಟಳು. ನಾನೇ ಸಿಕ್ಕಿಸಿದೆ, ನಾನೇ ಹಗ್ಗ ಎಳೆದೆ. ಕೆಮ್ಮಿತು. ಮತ್ತೆ ಎಳೆದೆ, ಮುನಿಸಿಕೊಂಡವಳ ಹಾಗೆ ಸುಮ್ಮನಾಯಿತು. ನನ್ನ ಹೆಗಲ ಕೀಲು ಕಳಚಿ ಪಕ್ಕದ ಮನೆಗೆ ಹೋಗುವವರೆಗೆ ಎಳೆದೆ. ಯೇಪೆಸ್ ಗಡಿಯಾರ ನೋಡಿದ.

ಕುಸ್ತೋದಿಯಾ ನನ್ನನ್ನು ಮೆತ್ತಗೆ ಸರಿಸಿ, ಪೆಟ್ರೋಲಿನ ಕೊಳವೆಯ ನಡುವಿನ ರಬ್ಬರು ಬುಡ್ಡೆಯನ್ನು ಒತ್ತಿ ಒತ್ತಿ ಗಟ್ಟಿಮಾಡಿದಳು. ಹಗ್ಗವನ್ನು ಒಮ್ಮೆ ಅರ್ಧ ಎಳೆದು ನಿಧಾನ ವಾಪಸು ಬಿಟ್ಟಳು. ಆಮೇಲೆ ಮೋಟಾರಿನ ಕುತ್ತಿಗೆಯ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿ, "ಏಳೇ ನನ್ ರಾಣಿ, ಬಿಸ್ಲಾಯ್ತು" ಅಂದಳು. ಎಳೆದಳು.

ಆಕೆ ಎದ್ದಳು. ನೀಲಿ ಹೊಗೆ ಹಿತ್ತಲು ತುಂಬಿತು, ಡ್ರಮ್ಮಿನ ನೀರು ಕುಣಿಯಿತು.

ಬಿಸಿಲಾಯಿತು ಎನ್ನುವ ಆ ಮಾತು, ಆ ಎರಡು ತಟ್ಟು, ಎಲ್ಲ ಅರ್ಹೆಮಿರೊನದು. ಅದನ್ನು ಅವನು ಮಾಡುತ್ತಿದ್ದದ್ದು ದಂಡೆಯಲ್ಲಿ, ದೋಣಿಯೊಳಗೆ, ನಸುಕಿನಲ್ಲಿ. ನಾನು ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಿದ್ದೆ, ನನಗೂ ಯಾರಾದರೂ ಹಾಗೆ ಎಬ್ಬಿಸಿದ್ದರೆ ಎಂದು ಆಸೆಪಟ್ಟಿದ್ದೆ.

ಮೋಟಾರಿನಿಂದ ಚೂರನ್ನು ಕಿತ್ತೆ. ಸದ್ದು ನಿಂತಿತು. ಯೇಪೆಸ್ ಬಾಯಿ ತೆರೆದು ಬೆಲೆ ಹೇಳಲು ಹೊರಟಿದ್ದ, ಸ್ವಲ್ಪ ಆಚೆ ಹೋಗಿ ನಿಂತಿರು ಮಗಾ ಅಂದೆ.

"ಹೇಳು ಕುಸ್ತೋದಿಯಾ. ಅವ್ನು ನಿನ್ನನ್ನೂ ಹೀಗೇ ತಟ್ಟಿ ಎಬ್ಬಿಸ್ತಿದ್ನಾ?"

ಅವಳು ನನ್ನನ್ನು ನೋಡಿದಳು. ಆಮೇಲೆ ಎಷ್ಟು ನಕ್ಕಳೆಂದರೆ ಡ್ರಮ್ಮಿನ ಅಂಚು ಹಿಡಿದುಕೊಳ್ಳಬೇಕಾಯಿತು. ಅವಳ ನಗುವಿಗೆ ಬೀದಿಯ ನಾಯಿ ಬೊಗಳಿತು.

"ಅಯ್ಯೋ ದರಿದ್ರದವ್ಳೇ, ನನ್ನನ್ಯಾರು ಎಬ್ಬಿಸ್ಬೇಕು? ಮೀನು ತರಕ್ಕೆ ಅವ್ನಿಗಿಂತ ಮೊದ್ಲೇ ನಾನು ದಂಡೇಲಿ ಇರ್ತಿದ್ದೆ. ದಿನಾ ನೋಡಿ ನೋಡಿ ಬಾಯಿಪಾಠ ಆಗಿತ್ತು."

"ಮತ್ತೆ ಚೂರು ನಿನ್ನ ಹತ್ರ ಯಾಕೆ? ಅವನ ತಮ್ಮ ಇರ್ಲಿಲ್ವಾ?"

"ತಮ್ಮ ಕುಡ್ದ್ರೆ ತನ್ನ ತಲೇನೇ ಎಲ್ಲಿಟ್ಟೆ ಅಂತ ಹುಡುಕ್ತಾನೆ. ಚೂರು ನನ್ನ ಹತ್ರ ಇದ್ದದ್ದು ನಿನ್ನಿಂದ."

"ನನ್ನಿಂದ?"

"ದಿನಾ ಮುಳುಗಿಸ್ತೀನಿ ಮುಳುಗಿಸ್ತೀನಿ ಅಂತಿದ್ದವ್ಳು ಯಾರು? ಅವ್ನು ನಂಬಿದ್ದ ಕಣೇ. ಇವ್ಳು ಈಜು ಬರ್ದೆ ಇದ್ರೂ ಹೋಗೇ ಹೋಗ್ತಾಳೆ, ಮೋಟಾರೂ ಹೋಗತ್ತೆ, ಇವ್ಳೂ ಹೋಗ್ತಾಳೆ ಅಂತಿದ್ದ. ಪಾತ್ರೆ ಜಗಳದ ದಿನ ನೀನೇ ಬೀದೀಲಿ ನಿಂತು ಕೂಗಿದ್ಯಲ್ಲ, ನರಕಕ್ಕಾದ್ರೂ ಹೋಗ್ತೀನಿ, ಈ ಹೆಂಗಸಿನ ಮನೆಗೆ ಕಾಲಿಡಲ್ಲ ಅಂತ. ಮಾರನೇ ದಿನ ಬೆಳಿಗ್ಗೆ ಚೂರು ತಂದು ಕೊಟ್ಟ. ಊರಲ್ಲಿ ನೀನು ಕಾಲಿಡದ ಮನೆ ಅದೊಂದೇ ಅಲ್ವಾ."

 ನಾನು ಹೇಳುವುದರಲ್ಲಿ ಹತ್ತಕ್ಕೆ ಒಂಬತ್ತು ಗಾಳಿ ಎಂದು ಕೋಳಿಗಳಿಗೂ ಗೊತ್ತು. ಅವನೊಬ್ಬ ಮಾತ್ರ ಎಲ್ಲವನ್ನೂ ತೂಕಕ್ಕೆ ಹಾಕಿಕೊಂಡಿದ್ದ.

"ಸತ್ತ ಮೇಲೂ ಯಾಕೆ ಕೊಡ್ಲಿಲ್ಲ?"

"ಒಂಬತ್ತನೇ ದಿನ ಎಲ್ರ ಎದುರಿಗೂ ಏನಂದೆ? ಚೂರು ಸಿಗ್ಲಿ, ನಾನೂ ಅವ್ಳೂ ಒಟ್ಟಿಗೇ ಮುಳುಗ್ತೀವಿ ಅಂದೆ. ಉಬಾಲ್ದಿನಾ ಸಮಾಧಾನ ಆಗೋವರ್ಗೂ ಕೊಡಬೇಡ ಅಂತ ಅವ್ನು ಸಾಯೋ ಮೊದ್ಲೇ ನನ್ನ ಕೈ ಹಿಡಿದು ಹೇಳಿದ್ದ. ನೀನು ಸಮಾಧಾನ ಆಗೋದನ್ನ ಕಾಯ್ತಾ ಕೂತ್ರೆ ನನ್ನ ದೋಣಿಗೆ ಗೆದ್ದಲು ಹಿಡಿಯತ್ತೆ."

"ಫೈಬರಿಗೆ ಗೆದ್ದಲು ಹಿಡಿಯಲ್ಲ."

"ನಿನ್ನ ನೋಡಿದ್ರೆ ಹಿಡಿಯತ್ತೆ."

ಯೇಪೆಸ್ ಲಾರಿಯ ಹತ್ತಿರದಿಂದಲೇ ಒಂದು ಬೆಲೆ ಕೂಗಿದ. ಒಳ್ಳೆಯ ಬೆಲೆಯೇ. ನಾನು ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ಕೂತೆ. ಅವನು ಬೆಳಿಗ್ಗೆ ಚೂರು ಒಯ್ಯಲು ಬರುತ್ತಿದ್ದ, ಸಂಜೆ ಇಡಲು ಬರುತ್ತಿದ್ದ. ಅಂದರೆ ದಿನಕ್ಕೆ ಎರಡು ಸಲ ಇವಳ ಬಾಗಿಲಲ್ಲಿ ನಿಲ್ಲುತ್ತಿದ್ದ, ಅಷ್ಟೆಲ್ಲ ವರ್ಷ. ಏನು ಮಾತಾಡುತ್ತಿದ್ದ ಎಂದು ಕೇಳಿದೆ.

"ನಿನ್ನ ಬಗ್ಗೆ. ದೂರು ಹೇಳ್ತಿದ್ದ."

"ಏನಂತ?"

"ಏನೇನೋ. ನಿದ್ದೇಲೂ ಜಗಳ ಆಡ್ತಾಳೆ. ಸೊಳ್ಳೆಪರದೆ ಎಲ್ಲಾ ತನ್ನ ಕಡೆ ಎಳ್ಕೋತಾಳೆ. ನಗ್ವಾಗ ಮೂಗು ಮುಚ್ಕೋತಾಳೆ. ಒಂದ್ ದಿನಕ್ಕೆ ಒಂದು."

ಇದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ನನ್ನ ಎದುರಿಗೆ ಅವನು ಒಂದು ದಿನವೂ ದೂರು ಹೇಳಿದವನಲ್ಲ. ಅನ್ನಕ್ಕೆ ಉಪ್ಪು ಮರೆತರೂ ಸುಮ್ಮನೆ ತಿನ್ನುತ್ತಿದ್ದ. ಇವನಿಗೆ ನಾನು ಇದ್ದದ್ದೇ ಗೊತ್ತಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ನನ್ನ ದೂರುಗಳೆಲ್ಲ, ನನ್ನ ಹಕ್ಕಿನವು, ದಿನಕ್ಕೊಂದರಂತೆ ಇವಳ ಅಕ್ಕಿ ಡಬ್ಬಿಗೆ ಬಿದ್ದಿದ್ದವು.

ಯೇಪೆಸ್‌ಗೆ ಮೋಟಾರು ಮಾರಾಟಕ್ಕಿಲ್ಲ ಎಂದು ಹೇಳಿದೆ. ಅವನು ಬೆಲೆ ಏರಿಸಿದ. ಇನ್ನೂ ಏರಿಸಿದರೆ ನಿನ್ನ ಲಾರಿಯನ್ನೂ ಇಟ್ಟುಕೊಳ್ಳುತ್ತೇನೆ ಅಂದೆ. ಹೋದ.

ಆಮೇಲೆ ಕುಸ್ತೋದಿಯಾಗೆ ನನ್ನ ಕರಾರು ಹೇಳಿದೆ. ಮೋಟಾರನ್ನು ಒಯ್ಯಿ, ನಿನ್ನ ದೋಣಿಗೆ ಹಾಕು, ರಾತ್ರಿ ನಿನ್ನ ಮನೆಯಲ್ಲೇ ಮಲಗಿಸು. ಸಿಹಿನೀರು ಕುಡಿಸದೆ ಮಲಗಿಸಿದರೆ ಬೇಲಿ ಹಾರಿ ಬರುತ್ತೇನೆ. ಚೂರು ಮಾತ್ರ ನನ್ನ ಹತ್ತಿರ ಇರುತ್ತದೆ. ಬೆಳಿಗ್ಗೆ ನೀನೇ ಬಂದು ಒಯ್ಯಬೇಕು, ಸಂಜೆ ನೀನೇ ತಂದು ಇಡಬೇಕು. ಪಾಲಿನ ಜೊತೆಗೆ ಇನ್ನೊಂದು ಕೊಡಬೇಕು: ದಿನಕ್ಕೆ ಒಂದು ದೂರು. ಅವನು ಹೇಳಿದ್ದು, ಅವನು ಹೇಳಿದ ಹಾಗೆಯೇ.

"ಮುಗ್ದುಹೋದ್ರೆ?"

"ಅಷ್ಟು ಬೇಗ ಮುಗಿಯೋ ಹೆಂಗ್ಸಾ ನಾನು?"

ಈಸ್ಟರ್ ವಾರದಲ್ಲಿ ನೀಲಿ ಚಪ್ಪರದ ದೋಣಿ ಬಿಡುವಿಲ್ಲದೆ ಓಡಿತು. ಹೊಗೆ ಬಂದರೂ ಜನ ಹತ್ತಿದರು. ಹಳೆಯ ಮೋಟಾರಿನ ಸದ್ದು ಕೇಳಿದರೆ ಅಜ್ಜನ ಕಾಲ ನೆನಪಾಗುತ್ತದೆ ಎಂದು ಕೆಲವರು ಫೋಟೋ ಬೇರೆ ತೆಗೆಸಿಕೊಂಡರಂತೆ. ನನ್ನ ಕೋಣೆಯಲ್ಲಿ ಮರದ ಕುದುರೆ ಬರಿಗೈಯಲ್ಲಿ ನಿಂತಿದೆ. ಪೆಟ್ರೋಲಿನ ವಾಸನೆ ಇಲ್ಲದೆ ನನಗೆ ನಿದ್ದೆ ಹತ್ತದು. ಆಕೆ ಅಲ್ಲಿ ಕುಸ್ತೋದಿಯಾಳ ಗೋಡೆಯಾಚೆ ನನ್ನ ಚಿಕ್ಕಮ್ಮನ ಹೊದಿಕೆ ಹೊದ್ದು ಸುಖವಾಗಿ ಮಲಗಿರುತ್ತಾಳೆ ಎಂದರೆ ಇಲ್ಲಿ ನನಗೆ ಮಗ್ಗುಲು ಬದಲಿಸಿ ಬದಲಿಸಿ ಚಾಪೆ ಸವೆಯುತ್ತದೆ. ಸಂಜೆ ನೆಪ ಮಾಡಿಕೊಂಡು ಹೋಗಿ ಡ್ರಮ್ಮಿನ ನೀರನ್ನು ಬೆರಳಿನಿಂದ ಮುಟ್ಟಿ ನೆಕ್ಕಿ ನೋಡುತ್ತೇನೆ, ಸಿಹಿಯೇ ಉಪ್ಪೇ ಎಂದು. ಹೌದು, ಅವಳ ಹೊಸಿಲು ತುಳಿದೆ. ನರಕಕ್ಕಿಂತ ಹತ್ತಿರ ಇತ್ತು.

ಬೆಳಿಗ್ಗೆ ಕುಸ್ತೋದಿಯಾ ಬರುತ್ತಾಳೆ. ನಾನು ಚೂರನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತೇನೆ. ಕಾಫಿಗೆ ಬೆಲ್ಲ ಜಾಸ್ತಿ ಹಾಕುತ್ತಾಳೆ ಅಂದಿದ್ದ ಎಂದು ಅವಳು ಹೇಳಿದರೆ, ಅವನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ ಸುಳ್ಳುಗಾರ ಎಂದು ಬೈದು ಚೂರು ಕೊಡುತ್ತೇನೆ. ಸಿಟ್ಟು ಬಂದಾಗ ಹಾಸಿಗೆಯಲ್ಲಿ ಬೆನ್ನು ತಿರುಗಿಸುತ್ತಾಳೆ, ಆದರೆ ಪಾದ ಮಾತ್ರ ನನಗೆ ತಾಗಿಸಿಯೇ ಇಟ್ಟಿರುತ್ತಾಳೆ ಅಂದಿದ್ದ ಎಂದು ಅವಳು ಹೇಳಿದ ದಿನ ಮಾತ್ರ ಬೈಯದೆ ಚೂರು ಕೊಟ್ಟೆ.

ನಿನ್ನೆ ಬಂದವಳು ಹೊಸಿಲಲ್ಲಿ ಸೂರಿನ ಕಡೆ ನೋಡುತ್ತ ನಿಂತಳು. ಆಮೇಲೆ, "ಪಾತ್ರೆ ತೊಳೀವಾಗ ಹಾಡ್ತಾಳೆ, ಅದನ್ನ ಕೇಳಕ್ಕೆ ಅಂತ್ಲೇ ಹಿತ್ಲಲ್ಲಿ ಮೋಟಾರು ತಡವಾಗಿ ಆರಿಸ್ತೀನಿ ಅಂತಿದ್ದ" ಅಂದಳು.

ನಾನು ಹಾಡುವುದೇ ಇಲ್ಲ. ಒಮ್ಮೆ ಹಾಡಿದ್ದಕ್ಕೆ ಪೆಲಿಕಾನುಗಳು ದಂಡೆ ಬಿಟ್ಟು ಹೋಗಿ ವಾಪಸು ಬರಲು ವರ್ಷ ಹಿಡಿಯಿತು. ಮೋಟಾರು ಓಡುತ್ತಿದ್ದರೆ ಹಾಡು ಕೇಳಿಸುವುದಾದರೂ ಹೇಗೆ? ಅವಳ ಡಬ್ಬಿ ಖಾಲಿಯಾಗಿದೆ, ಈಗ ತನ್ನದೇ ಕಥೆ ಕಟ್ಟಿ ತರುತ್ತಿದ್ದಾಳೆ ಎಂದು ತಿಳಿಯಿತು. ಅವಳ ಮುಖ ನೋಡಿದೆ. ಕೈಯಲ್ಲಿ ಮೈದಾ ಹಿಟ್ಟು, ಕಣ್ಣು ನೆಲದ ಮೇಲೆ.

ಅಥವಾ ಅವನು ನಿಜವಾಗಿಯೂ ಹಾಗೆ ಅಂದಿದ್ದನೋ ಏನೋ. ಇವಳಿಗೆ ಅಂದಿದ್ದನೋ ಏನೋ, ನನಗಲ್ಲ.

ಯಾವುದಕ್ಕೆ ಹೊಟ್ಟೆ ಹೆಚ್ಚು ಉರಿಯಬೇಕು ಎಂದು ಇನ್ನೂ ತೀರ್ಮಾನವಾಗಿಲ್ಲ. ಪ್ರವಾಸಿಗಳು ಆಗಲೇ ದಂಡೆಯಲ್ಲಿ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಚೂರನ್ನು ಅವಳ ಕೈಯಲ್ಲಿಟ್ಟು, ನಾಳೆ ಇದಕ್ಕಿಂತ ಒಳ್ಳೆಯದನ್ನು ತಾ ಅಂದೆ.